ಕರಿಯಯ್ಯ, ಕೆಂಪಯ್ಯ ಮತ್ತು ಮೊದಲ ನೀರು

ಶ್ರಾವಣದ ಕಡೆಯ ಸೋಮವಾರ. ಬೆಳಗಿನ ಆರೂವರೆಗೆ ರಾಯಚೂರಿನ ಮೇಲೆ ಮೋಡ ಬಂದು ನಿಂತಿತ್ತು. ನಿಂತಿತ್ತು ಅಷ್ಟೇ, ಸುರಿಯುವ ಮಾತೆತ್ತಿರಲಿಲ್ಲ. ಮದುವೆಗೆ ಬಂದು ಊಟಕ್ಕೂ ಕೂಡದೆ, ಊರಿಗೂ ಹೋಗದೆ, ಚಪ್ಪರದ ಗಳಕ್ಕೆ ಬೆನ್ನು ಕೊಟ್ಟು ನಿಂತ ಮುನಿಸಿನ ಬೀಗನಂತೆ ಊರಿನ ನೆತ್ತಿಯ ಮೇಲೆ ಮುಖ ದಪ್ಪ ಮಾಡಿಕೊಂಡಿತ್ತು. ಗಾಳಿ ಇರಲಿಲ್ಲ. ಕೋಟೆ ಬೆಟ್ಟದ ಬಂಡೆಗಳು ನಿನ್ನೆಯ ಬಿಸಿಲನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಅಂಥ ಹೊತ್ತಿನಲ್ಲಿ ಮಾನ್ವಿಯ ಅಕ್ಕಿ ಗಿರಣಿಯ ಈರಯ್ಯನವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ಭೂವಿಜ್ಞಾನದ ಉಪನ್ಯಾಸಕಿ ಸುನಂದಾ ಅವರ ಮನೆಯ ಮುಂದೆ ಜೀಪಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಒಂದು ತಾಮ್ರದ ತಂಬಿಗೆ. ಜೀಪಿನ ಹಿಂಭಾಗದಲ್ಲಿ ಅಕ್ಕಿಚೀಲದ ತಟ್ಟು ಸುತ್ತಿದ ಒಂದು ಕಲ್ಲು. ಸುಮ್ಮನೆ ಕಲ್ಲಲ್ಲ, ಮುಖ ಕಾಣುವಂತೆ ಪಾಲಿಶ್ ಮಾಡಿಸಿದ ಕರಿ ಗ್ರಾನೈಟಿನ ಫಲಕ. ಹಿಂದಿನ ದಿನವಷ್ಟೇ ಕೆತ್ತಿ ಮುಗಿದಿತ್ತು: "ಹಿರಿಯ ಕರಿಯಯ್ಯನ ಸನ್ನಿಧಿ. ವಿಜ್ಞಾನದ ಪ್ರಕಾರ ನಿರ್ಣಯವಾದದ್ದು." ಅದರ ಕೆಳಗೆ ಇವತ್ತಿನ ತಾರೀಖು. ಅದರ ಕೆಳಗೆ, ದೇವರ ಹೆಸರಿಗಿಂತ ಒಂದಿಷ್ಟು ದಪ್ಪ ಅಕ್ಷರದಲ್ಲಿ, ಈರಯ್ಯನವರ ಹೆಸರು.

ವಿಜ್ಞಾನ ಇನ್ನೂ ಮನೆಯೊಳಗೆ ಚಹಾ ಕುಡಿಯುತ್ತಿತ್ತು.

"ಸಾವ್ಕಾರ್ರ," ಎಂದ ಜೀಪಿನ ಚಕ್ರ ಹಿಡಿದಿದ್ದ ನಬೀಸಾಬ್. ಗಿರಣಿಯ ಮಿಸ್ತ್ರಿಯೂ ಅವನೇ, ಜೀಪಿನ ಡ್ರೈವರೂ ಅವನೇ. ಈರಯ್ಯನವರಿಗೆ ಎದುರು ಮಾತಾಡಬಲ್ಲವರು ಭೂಮಿಯ ಮೇಲೆ ಇಬ್ಬರಿದ್ದರು. ಒಬ್ಬರು ಅವರ ಹೆಂಡತಿ ವೀರಭದ್ರಮ್ಮ, ಇನ್ನೊಬ್ಬ ಇವನು. "ಮೇಡಮ್ಮೋರು ಕಲ್ಲು ನೋಡೋದಕ್ಕಿಂತ ಮೊದಲ ನಾವು ಕಲ್ಲು ಕೆತ್ತಿಸೀವಿ. ಉಲ್ಟಾ ಆತಂದ್ರ?"

"ಉಲ್ಟಾ ಹೆಂಗ ಆಗ್ತದಲೇ? ಕರ್ರಗ ಅಂದ್ರ ಹಳೇದು. ನಿಮ್ಮ ಅಡಗಿಮನಿ ತೊಲಿ ನೋಡು. ಹೊಸಾದಿದ್ದಾಗ ಯಾವ ಬಣ್ಣಿತ್ತು, ಈಗ ಯಾವ ಬಣ್ಣ ಅದ?"

"ನಮ್ಮ ಮನ್ಯಾಗ ಗ್ಯಾಸ್ ಬಂದು ಹದಿನೈದು ವರ್ಷಾತ್ರಿ."

"ಅದಕ್ಕ ನಿನಗ ತಿಳೀವಲ್ದು."

ಈರಯ್ಯನವರ ಭೂವಿಜ್ಞಾನ ಇಷ್ಟೇ ಇತ್ತು, ಆದರೆ ಗಟ್ಟಿಯಾಗಿತ್ತು. ಹೊಗೆ ಹತ್ತಿದ ತೊಲೆ ಕಪ್ಪು, ದೀಪದ ಗೂಡು ಕಪ್ಪು, ಅಜ್ಜಿಯ ಕಾಲದ ಹಂಚು ಕಪ್ಪು. ಆದ್ದರಿಂದ ಕಪ್ಪು ಕಲ್ಲು ಕೆಂಪು ಕಲ್ಲಿಗಿಂತ ಹಿರಿಯದು. ಇದನ್ನು ಒಪ್ಪದವನು ಒಂದೋ ಅಡುಗೆಮನೆ ಕಾಣದವನು, ಇಲ್ಲವೇ ಕನಕರಾಯ.

ಸಂಗತಿ ಏನೆಂದರೆ, ಮಸರಕಲ್ ದಾಟಿ ಎಡಕ್ಕೆ ತಿರುಗಿದರೆ ಜೋಡುಗುಂಡ ಎಂಬ ಊರು. ಈರಯ್ಯನವರ ಹುಟ್ಟೂರು ಅದೇ. ಊರಿಗೆ ಹತ್ತಿಕೊಂಡು ಒಂದು ಕೆಂಪು ಕಲ್ಲಿನ ಗುಡ್ಡ. ಆ ಗುಡ್ಡವನ್ನು ನಡುಮಧ್ಯೆ ಸೀಳಿಕೊಂಡು ಹೋದ ಎರಡು ಮಾರು ಅಗಲದ ಒಂದು ಕಪ್ಪು ಪಟ್ಟಿ, ಯಾರೋ ನೂಲು ಹಿಡಿದು ಗೆರೆ ಎಳೆದಂತೆ ನೆಟ್ಟಗೆ. ಕೆಂಪು ಗುಡ್ಡ ಕೆಂಪಯ್ಯ, ಕಪ್ಪು ಪಟ್ಟಿ ಕರಿಯಯ್ಯ. ಇಬ್ಬರೂ ಅಣ್ಣತಮ್ಮಂದಿರು, ಇಬ್ಬರೂ ಶಿವನ ಅಂಶ. ಇಷ್ಟರ ತನಕ ಊರಿನಲ್ಲಿ ತಕರಾರಿಲ್ಲ. ಅಣ್ಣ ಯಾರು, ತಮ್ಮ ಯಾರು ಎಂಬಲ್ಲಿ ಮಾತ್ರ ಊರು ಎರಡು ಹೋಳು.

ಶ್ರಾವಣದ ಕಡೆಯ ಸೋಮವಾರ ಅಣ್ಣನಿಗೆ ಮೊದಲ ನೀರು ಎರೆಯಬೇಕು. ಆ ನೀರು ಈಗ ಈರಯ್ಯನವರ ತೊಡೆಯ ಮೇಲಿದ್ದ ತಾಮ್ರದ ತಂಬಿಗೆಯಿಂದಲೇ ಬೀಳಬೇಕು. ತಂಬಿಗೆ ಯಾರ ಮನೆಯಲ್ಲಿದೆಯೋ ಆ ಮನೆಯವರ ಕೈಯೇ ಮೊದಲ ಕೈ. ಈರಯ್ಯನವರ ತಂದೆ ಚನ್ನಬಸಯ್ಯನವರು ಜೀವ ಇರುವ ತನಕ ಕರಿಯಯ್ಯನ ಮೇಲೆ ಎರೆದರು. ಕಣ್ಣು ಮುಚ್ಚುವ ಮೊದಲು ಮಗನ ಕೈ ಹಿಡಿದು, ತಂಬಿಗೆ ಮನೆ ಬಿಟ್ಟು ಹೋಗಬಾರದು ಎಂದರು. ಗಿರಣಿಯ ಬಗ್ಗೆ, ಹೊಲದ ಬಗ್ಗೆ, ಹೆಂಡತಿಯ ಬಗ್ಗೆ ಏನೂ ಹೇಳಲಿಲ್ಲ. ಈರಯ್ಯನವರು ಆಗಲಿ ಎಂದಿದ್ದರು.

ಹನ್ನೊಂದು ವರ್ಷ ಆ ಮಾತು ನಡೆಯಿತು. ಹನ್ನೆರಡನೆಯ ವರ್ಷ, ಅಂದರೆ ಹೋದ ಶ್ರಾವಣದಲ್ಲಿ, ಇನ್ನೂರು ಕುರಿಗಳ ಒಡೆಯನೂ ಹೊಸ ಟ್ರ್ಯಾಕ್ಟರಿನ ಮಾಲೀಕನೂ ಆದ ಕನಕರಾಯ ಅಡ್ಡ ನಿಂತ. "ಕೆಂಪಯ್ಯ ದೊಡ್ಡಾಂವ, ತಂಬಗಿ ಈ ಕಡೆ ಬರ್ಲಿ," ಎಂದ. ಎರಡೂ ಕಡೆಯವರು ತುಂಬಿದ ಕೊಡಗಳನ್ನು ಹೊತ್ತು ಮಧ್ಯಾಹ್ನದವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅಣ್ಣನಿಗೂ ಸ್ನಾನವಿಲ್ಲ, ತಮ್ಮನಿಗೂ ಇಲ್ಲ. ಗುಡ್ಡ ಹುಟ್ಟಿದಂದಿನಿಂದ ಎಷ್ಟು ಬೇಸಿಗೆ ಉಪವಾಸ ನಿಂತ ದೇವರುಗಳೋ, ಅದನ್ನೂ ತಾಳಿಕೊಂಡರು.

ಕಡೆಗೆ ಊರ ಹಿರಿಯರು ಫೈಸಲಾ ಮಾಡಿದರು. ಕಲ್ಲಿನ ವಿದ್ಯೆ ಓದಿದವರನ್ನು ಕರೆಸುವುದು. ಯಾವ ಕಲ್ಲು ಹಿರಿಯದೋ ಆ ಕಲ್ಲಿನ ಮನೆಯವರಿಗೆ ತಂಬಿಗೆ, ಇನ್ನು ಮುಂದೆ ಕಾಯಂ. ಈರಯ್ಯನವರು ಮತ್ತು ಕನಕರಾಯ ಇಬ್ಬರೂ ತಂಬಿಗೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಈರಯ್ಯನವರು ಅಷ್ಟಕ್ಕೆ ಬಿಡದೆ ದೇವಸುಗೂರಿನ ಸುಗೂರೇಶ್ವರನಿಗೆ ಒಂದು ಹರಕೆ, ಗೂಗಲ್ಲಿನ ಅಲ್ಲಮಪ್ರಭುವಿಗೆ ಒಂದು ಹರಕೆ ಹೊತ್ತರು. ಸತ್ಯ ಹೊರಗೆ ಬರಲಿ ಎಂದಲ್ಲ, ಸತ್ಯ ನಮ್ಮ ಕಡೆ ಬರಲಿ ಎಂದು.

ಸುನಂದಾ ಹೊರಗೆ ಬಂದರು. ನಲವತ್ತರ ಆಸುಪಾಸು, ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ.

ಈರಯ್ಯನವರ ಕಣ್ಣು ಸುತ್ತಿಗೆಯ ಮೇಲೇ ನಿಂತಿತು. "ದೇವರ ಮ್ಯಾಲ ಅದನ್ನ ಹಾಕೂದಿಲ್ಲಲ್ರೀ ಮೇಡಮ್ಮೋರ?"

"ಇಲ್ರಿ. ಇದು ಜೀಪಿನ್ಯಾಗ ಇರ್ತದ. ಕಣ್ಣು ಸಾಕು, ಈ ಭೂತಗನ್ನಡಿ ಸಾಕು," ಎಂದು ಅವರು ಕೊರಳಿನ ದಾರಕ್ಕೆ ಕಟ್ಟಿದ್ದ ಹೆಬ್ಬೆರಳು ಗಾತ್ರದ ಗಾಜು ತೋರಿಸಿದರು.

ಜೀಪು ದೇವದುರ್ಗದ ರಸ್ತೆ ಹಿಡಿಯಿತು. ಎರಡೂ ಬದಿಗೆ ಹತ್ತಿ, ತೊಗರಿ, ನಡುನಡುವೆ ದನ ಮಲಗಿದಂತೆ ಬಂಡೆಗಳು. ಈರಯ್ಯನವರು ಗಂಟಲು ಸರಿ ಮಾಡಿಕೊಂಡರು.

"ಎಷ್ಟು ಲಕ್ಷ ವರ್ಷ ಅಂತ ಬರದ ಕೊಟ್ಟುಬಿಡ್ರಿ. ಲಕ್ಷ ಸಾಲಲಿಲ್ಲಂದ್ರ ಕೋಟಿ ಹಾಕ್ರಿ. ಫ್ರೇಮ್ ಹಾಕಸ್ತೀನಿ."

"ವರ್ಷ ನಾ ಹೇಳೂದಿಲ್ರಿ. ಅದಕ್ಕ ಕಲ್ಲು ಪುಡಿ ಮಾಡಿ ದೊಡ್ಡ ಮಷೀನಿಗೆ ಕೊಡಬೇಕು. ಯಾವ್ದು ಮೊದಲ, ಯಾವ್ದು ಆಮ್ಯಾಲ, ನಾ ಅಷ್ಟ ಹೇಳಾಕಿ."

"ವಯಸ್ಸು ಗೊತ್ತಿಲ್ದ ಹಿರೇರು ಯಾರು ಅಂತ ಹೆಂಗ ಗೊತ್ತಾಗ್ತದ್ರಿ?"

"ನಿಮ್ಮ ಗಿರಣ್ಯಾಗ ಚೀಲ ಒಟ್ಟಿರ್ತೀರಲ್ಲ, ಯಾವ ಚೀಲ ಮೊದಲ ಬಂದದ್ದು?"

"ತಳದಾಗಿಂದು."

"ತಾರೀಖು ನೋಡಿ ಹೇಳಿದ್ರೇನು?"

"ತಾರೀಖ ಯಾಕ ಬೇಕ್ರಿ? ಕೆಳಗಿನ ಚೀಲ ಬರೂತನಕ ಮ್ಯಾಲಿನ ಚೀಲ ಗಾಳ್ಯಾಗ ನಿಂತಿತ್ತೇನು?"

"ಮುಗೀತು. ಅರ್ಧ ಭೂವಿಜ್ಞಾನ ನಿಮಗ ಮೊದ್ಲ ಗೊತ್ತದ," ಎಂದರು ಸುನಂದಾ.

ಈರಯ್ಯನವರು ಮೀಸೆ ತಿರುವಿಕೊಂಡರು. ನಲವತ್ತು ವರ್ಷ ಗಿರಣಿ ನಡೆಸಿದ್ದು ವಿದ್ಯೆ ಎಂದು ಯಾರೂ ಹೇಳಿರಲಿಲ್ಲ.

"ಹಮಾಲರು ಚೀಲ ಹಿಂದ ಮುಂದ ಮಾಡಿ ಉರುಳಿಸಿದ್ರ?" ಎಂದ ನಬೀಸಾಬ್.

"ಅದೂ ಆಗ್ತದ. ಭೂಮಿನೂ ಒಮ್ಮೊಮ್ಮೆ ಒಟ್ಟಿದ್ದನ್ನ ಬುಡಮೇಲು ಮಾಡ್ತದ. ಅದಕ್ಕ ನಮ್ಮ ಕೆಲಸದಾಗ ಮೊದಲ ಕಣ್ಣು, ಆಮ್ಯಾಲ ಬಾಯಿ."

ನಬೀಸಾಬ್ ಕನ್ನಡಿಯಲ್ಲಿ ಹಿಂದಿನ ಫಲಕವನ್ನು ಒಮ್ಮೆ ನೋಡಿದ, ಸಾಹುಕಾರರನ್ನು ಒಮ್ಮೆ ನೋಡಿದ. ಈರಯ್ಯನವರು ಕಿಟಕಿಯ ಹೊರಗೆ ತೊಗರಿಯ ಬೆಳೆ ಹೇಗಿದೆ ಎಂದು ಬಹಳ ಹೊತ್ತು ಪರೀಕ್ಷಿಸಿದರು.

ಜೋಡುಗುಂಡ ತಲುಪಿದಾಗ ಫಲಕದ ಬಗ್ಗೆ ನಾಚಿಕೆಪಡುವ ಅಗತ್ಯವಿಲ್ಲ ಎಂದು ಗೊತ್ತಾಯಿತು. ಕನಕರಾಯ ಗುಡ್ಡದ ಬುಡದಲ್ಲಿ ಫ್ಲೆಕ್ಸ್ ಕಟ್ಟಿಸಿದ್ದ. "ಹಿರಿಯಣ್ಣ ಕೆಂಪಯ್ಯನಿಗೆ ಜಯವಾಗಲಿ." ನಡುವೆ ಕೈಮುಗಿದ ಕನಕರಾಯ, ಸುತ್ತಲೂ ಗುಂಡಗೆ ಕತ್ತರಿಸಿದ ಹದಿನಾಲ್ಕು ಮುಖಗಳು. ಕೆಂಪಯ್ಯ ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರಕ್ಕಿದ್ದ.

"ಬರ್ರಿ ಮೇಡಮ್ಮೋರ," ಎಂದ ಕನಕರಾಯ. "ಸಾವ್ಕಾರ್ರ ಜೀಪಿನ್ಯಾಗ ಬಂದೀರಿ, ಇರ್ಲಿ. ಕಲ್ಲಿಗೇನು ಜೀಪು ಕಾಣೂದಿಲ್ಲ."

"ನಿನ್ನ ಫ್ಲೆಕ್ಸೂ ಕಾಣೂದಿಲ್ಲ," ಎಂದರು ಈರಯ್ಯನವರು.

"ನಮ್ಮದು ಸರಳ ಲೆಕ್ಕ್ರಿ ಮೇಡಮ್ಮೋರ. ದೊಡ್ಡದು ಅಂದ್ರ ಹಿರೇದು. ಕೆಂಪಯ್ಯ ಇಡೀ ಗುಡ್ಡ, ಆತ ಬರೇ ಪಟ್ಟಿ."

ಸುನಂದಾ ಬೂಟಿನ ದಾರ ಬಿಚ್ಚುತ್ತ ಕೇಳಿದರು. "ನಿಮ್ಮ ಮನ್ಯಾಗ ಎತ್ತರ ಯಾರ್ರಿ, ನೀವೋ ನಿಮ್ಮ ತಂದ್ಯೋರೋ?"

"ನಾನ್ರಿ."

"ಹಂಗಾದ್ರ ನಿಮ್ಮ ತಂದೀಗೆ ನೀವು ಏನಾಗ್ಬೇಕು?"

ಗುಂಪು ನಕ್ಕಿತು. ಈರಯ್ಯನವರು ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು ನಕ್ಕರು.

ಆಮೇಲೆ ಸುನಂದಾ ಅರ್ಧ ತಾಸು ಒಂದು ಮಾತನ್ನೂ ಆಡಲಿಲ್ಲ. ಚಪ್ಪಲಿ ಬಿಡುವಲ್ಲಿ ಬೂಟು ಬಿಟ್ಟು, ಬರಿಗಾಲಲ್ಲಿ ಗುಡ್ಡ ಹತ್ತಿದರು, ಇಳಿದರು, ಕೂತರು, ಕಪ್ಪು ಕೆಂಪು ಸೇರುವ ಅಂಚಿನ ಮೇಲೆ ಬೆರಳಾಡಿಸಿದರು, ಕಲ್ಲಿಗೆ ಮೂಗು ತಾಗುವಷ್ಟು ಬಾಗಿ ಗಾಜು ಹಿಡಿದರು. ಜೋಡುಗುಂಡದವರಿಗೆ ಜಗಳ ರೂಢಿ, ಮೌನ ರೂಢಿಯಿಲ್ಲ. ಅದನ್ನು ನೋಡುತ್ತ ನಿಲ್ಲುವುದು ಅವರಿಗೆ ಉಪವಾಸಕ್ಕಿಂತ ಕಷ್ಟವಾಯಿತು. ಒಬ್ಬ ಅಜ್ಜ, "ಓದಿದವರು ಹಿಂಗ ಸುಮ್ನ ನೋಡೂದಾದ್ರ ನಾವು ದಿನಾ ನೋಡಾಕತ್ತೀವಲ್ಲ," ಎಂದ.

ಗುಡ್ಡದ ಬುಡದಲ್ಲಿ, ಕೆಂಪು ಬಂಡೆಯ ನೆರಳಿನಲ್ಲಿ ಬೂದೆಮ್ಮ ಕೂತಿದ್ದಳು. ಎಪ್ಪತ್ತರ ಮುದುಕಿ, ಹತ್ತು ಕುರಿಗಳ ಬಾಳು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೊಂಬು. ಸೋಮವಾರ ಬಂತೆಂದರೆ ಅವಳು ಅಲ್ಲೇ ಕೂತಿರುವುದನ್ನು ಈರಯ್ಯನವರು ಸಣ್ಣವರಿದ್ದಾಗಿನಿಂದ ಕಂಡಿದ್ದರು. ಆದ್ದರಿಂದಲೇ ನೋಡಿರಲಿಲ್ಲ.

"ಬರ್ರಿ ಎಲ್ರೂ," ಎಂದು ಸುನಂದಾ ಕರೆದರು.

ಅವರು ತೋರಿಸಿದ್ದು ಕೆಂಪು ಬಂಡೆಯ ಮೇಲಿನ ಒಂದು ಬಿಳಿ ಗೆರೆಯನ್ನು. ಬೆರಳಿನಷ್ಟು ದಪ್ಪದ ಬೆಣಚುಕಲ್ಲಿನ ಎಳೆ. ಎಡಗಡೆಯಿಂದ ನೆಟ್ಟಗೆ ಬಂದು ಕಪ್ಪು ಪಟ್ಟಿಯ ಅಂಚಿಗೆ ಕತ್ತರಿಸಿದಂತೆ ನಿಂತಿತ್ತು. ಪಟ್ಟಿಯ ಆಚೆ, ಬಲಗಡೆಯ ಕೆಂಪಿನಲ್ಲಿ, ಅದೇ ಗೆರೆ ಮತ್ತೆ ಶುರುವಾಗಿತ್ತು.

"ಈ ಗೆರಿ ಮೊದಲ ಒಂದ ಇತ್ತು. ನಡುವ ಏನಾತು?"

"ಕರಿಯಯ್ಯ ಕಡದಾನ," ಎಂದರು ಯಾರೋ.

"ಇಲ್ಲದ್ದನ್ನ ಕಡೀಲಿಕ್ಕೆ ಬರ್ತದೇನ್ರಿ? ಗ್ವಾಡಿ ಮೊದಲ, ಬಿರುಕು ಆಮ್ಯಾಲ, ಬಿರುಕಿಗೆ ತುಂಬಿದ ಸಿಮೆಂಟು ಕಡೀಗೆ. ಕೆಂಪು ಕಲ್ಲು ಎಲ್ಲಾ ಆಗಿ, ಆರಿ, ಬಿರುಕು ಬಿಟ್ಟ ಮ್ಯಾಲ ಕೆಳಗಿಂದ ಕರಿ ಕಲ್ಲು ಕುದ್ದು ಉಕ್ಕಿ ಬಂದದ. ಯಾವ್ದು ಕಡೀತದೋ ಅದು ಆಮ್ಯಾಲಿಂದು. ಯಾವ್ದು ಕಡಿಸಿಕೊಳ್ತದೋ ಅದು ಮೊದಲಿಂದು."

ಈರಯ್ಯನವರಿಗೆ ಮಾತು ಕೇಳಿಸಿತು, ಅರ್ಥವೂ ಆಯಿತು. ಬೇಡವಾದ ಮಾತು ಇಷ್ಟು ಬೇಗ ಅರ್ಥವಾಗುವುದು ಅವರಿಗೆ ಹೊಸದು. "ಮೇಡಮ್ಮೋರ, ಕರ್ರಗ ಅಂದ್ರ ಹಳೇದಲ್ಲೇನ್ರಿ?"

"ಅದು ಹೊಗಿ ಹತ್ತಿದ ಬಣ್ಣಲ್ರಿ, ಹುಟ್ಟಿದ ಬಣ್ಣ. ನನ್ನ ಮಾತು ನಂಬಬ್ಯಾಡ್ರಿ, ನೀವ ನೋಡ್ರಿ." ಅವರು ಕೊರಳಿನ ಭೂತಗನ್ನಡಿ ಬಿಚ್ಚಿ ಈರಯ್ಯನವರ ಕೈಗೆ ಕೊಟ್ಟರು. "ಪಟ್ಟಿ ನಡುವ ಕಣ ದಪ್ಪ ಅದಾವು. ಅಂಚಿಗೆ ಬರಬರ್ತ ಹಿಟ್ಟಿನಂಗ ಸಣ್ಣ ಆಗ್ಯಾವು. ಬಿಸಿ ಪಾಕ ತಣ್ಣನ್ನ ಪರಾತಕ್ಕ, ಆ ದೊಡ್ಡ ತಾಟಿಗೆ, ಸುರವಿದ್ರ ಎಲ್ಲಿ ಮೊದಲ ಗಟ್ಟಿ ಆಗ್ತದ?"

"ಪರಾತಕ್ಕ ಹತ್ತಿದಲ್ಲಿ," ಎಂದರು ಈರಯ್ಯನವರು, ಕಣ್ಣಿಗೆ ಗಾಜು ಹಿಡಿದುಕೊಂಡೇ.

"ಪಾಕ ಬರೋ ಮೊದಲ ಪರಾತ ಇತ್ತು, ತಣ್ಣಗ ಇತ್ತು. ಕೆಂಪಯ್ಯ ಪರಾತ."

ಕನಕರಾಯನ ಕಡೆಯವರು ಪಟಾಕಿ ತಂದಿದ್ದರು. ಅವನ್ನು ಹಚ್ಚಿದರು. ಕೋಟಿ ವರ್ಷಗಳ ಸಂಗತಿ ಇತ್ಯರ್ಥವಾದದ್ದಕ್ಕೆ ಎರಡು ಸರ ಪಟಾಕಿ, ಹೆಚ್ಚೇನಲ್ಲ. ಕುರಿಗಳು ಬೆದರಿ ದಿಕ್ಕಾಪಾಲಾದವು. ಹೊಗೆಯ ನಡುವೆ ಕನಕರಾಯ ಕೈ ಚಾಚಿದ. "ತಂಬಗಿ ತರ್ರಿ ಸಾವ್ಕಾರ್ರ. ಆಣಿ ಮಾಡೀರಿ."

ಈರಯ್ಯನವರು ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದರು. ತಾಮ್ರ ತಣ್ಣಗಿತ್ತು. ಸಾಯುವಾಗ ಅಪ್ಪನ ಕೈಯೂ ಹೀಗೇ ತಣ್ಣಗಿತ್ತು.

"ತಡೀರಿ," ಎಂದರು ಸುನಂದಾ. "ನನ್ನ ಕೆಲಸ ಇನ್ನೂ ಮುಗಿದಿಲ್ಲ. ಯವ್ವಾ, ಒಂಚೂರು ಏಳ್ತೀರೇನ್ರಿ?"

ಬೂದೆಮ್ಮ ತಲೆ ಎತ್ತಿದಳು. "ಈ ಊರಿಗೆ ಸೊಸಿಯಾಗಿ ನಡಿಯಾಕ ಬಂದಾಗಿಂದ ನನಗ ರೀ ಹಚ್ಚಿ ಮಾತಾಡಿದಾಕಿ ನೀನ ಮೊದಲ್ನೇಕಿ. ಏಳ್ತೀನಿ ತಡಿ, ಮಣಕಾಲು ಒಪ್ಪಬೇಕು."

ಅವಳು ಎದ್ದ ಜಾಗದಲ್ಲಿ, ಕೆಂಪು ಬಂಡೆಯ ಮೈಯಲ್ಲಿ, ಹಸಿರು ಬೆರೆತ ಕಪ್ಪಿನ ತುಂಡುಗಳು ಹುದುಗಿದ್ದವು. ಒಂದು ಅಂಗೈಯಗಲ, ಒಂದು ತಟ್ಟೆಯಗಲ, ನಡುವಿನದು ಮೊರದಗಲ. ಅದರ ಮೇಲೆ ಹಳೆಯ ಅರಿಶಿನ, ಹೊಸ ಅರಿಶಿನ, ನೀರು ಹರಿದ ಕಲೆ.

ಸುನಂದಾ ಮಂಡಿಯೂರಿ ಕೂತರು. ಬಹಳ ಹೊತ್ತು ನೋಡಿ, "ಶೇಂಗಾ ಚಿಕ್ಕಿ ತಿಂದೀರಲ್ರಿ?" ಎಂದರು.

ಬೂದೆಮ್ಮ ಹೇಳಿದಳು. "ಹಲ್ಲಿದ್ದಾಗ ತಿಂದೀನಿ."

"ಬೆಲ್ಲ ಗಟ್ಟಿ ಆದ ಮ್ಯಾಲ ಅದರಾಗ ಶೇಂಗಾ ಹೋಗಿ ಕೂಡ್ತಾವೇನವ್ವಾ?"

"ಹೆಂಗ ಕೂಡ್ತಾವ? ಶೇಂಗಾ ಹುರದು ಇಟ್ಕೊಂಡಿರಬೇಕು, ಪಾಕ ಹರೀತಿದ್ದಾಗ ಹಾಕಬೇಕು."

"ಹೌದು. ಕೆಂಪು ಕಲ್ಲು ಪಾಕದಂಗ ಹರಿಯೂ ಮುಂದ ಈ ತುಂಡು ಆಗಲೇ ಕಲ್ಲಾಗಿದ್ವು. ಕೆಂಪಿಗಿಂತ ಇವು ಹಳೇವು. ಕರಿ ಪಟ್ಟಿಗಿಂತಂತೂ ಹೇಳೂದ ಬ್ಯಾಡ. ಈ ಗುಡ್ಡದಾಗ ಎಲ್ಲಾರಿಗಿಂತ ಹಿರೇದು ಇದು."

ಉರಿಯದೆ ಉಳಿದ ಒಂದು ಪಟಾಕಿ ಆಗ ಸಿಡಿಯಿತು.

"ಅವ್ವ ಆಕಿ," ಎಂದಳು ಬೂದೆಮ್ಮ, ಚೊಂಬು ಕೈಗೆ ತಗೊಳ್ಳುತ್ತ. "ನಮ್ಮ ಅತ್ತಿ ಹಂಗ ಕರೀತಿದ್ಲು, ನಾನೂ ಹಂಗ ಕರೀತೀನಿ. ಮಕ್ಕಳಿಗಿಂತ ಅವ್ವ ಮೊದಲ ಹುಟ್ಟ್ಯಾಳ ಅಂತ ಹೇಳಾಕ ರಾಯಚೂರಿಂದ ಜೀಪ್ ಬರಬೇಕಾತು ನೋಡು."

"ಮೊದ್ಲ ಯಾಕ ಹೇಳಲಿಲ್ಲ ಮುದುಕಿ?" ಎಂದ ಕನಕರಾಯ.

"ಕೇಳಿದ್ರೇನು ಯಾರಾರ? ನೀವು ಅಣ್ಣ ಯಾರು, ತಮ್ಮ ಯಾರು ಅಂತ ಬಡದಾಡಾಕತ್ತಿದ್ರಿ. ಅವ್ವ ಯಾರು ಅಂದಿದ್ರ ಹೇಳ್ತಿದ್ದೆ."

ಊರ ಹಿರಿಯರ ಮುಖ ನೋಡುವಂತಿತ್ತು. ಅಣ್ಣನ ಮನೆಗೆ ತಂಬಿಗೆ ಎಂದು ಫೈಸಲಾ ಮಾಡಿದವರು ಅವ್ವ ಬಂದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಅವ್ವನಿಗೆ ಫ್ಲೆಕ್ಸ್ ಇಲ್ಲ, ಫಲಕ ಇಲ್ಲ, ಕಡೆಯವರು ಎಂದರೆ ಹತ್ತು ಕುರಿ, ಅವೂ ಪಟಾಕಿಗೆ ಓಡಿಹೋಗಿವೆ. ಕನಕರಾಯ ಮೊದಲು ಸುಧಾರಿಸಿಕೊಂಡ. "ಅವ್ವ ಇರೂದೆಲ್ಲಿ? ಕೆಂಪಯ್ಯನ ಹೊಟ್ಟ್ಯಾಗ. ಅಂದ್ರ ಆಕಿ ನಮ್ಮಾಕಿ. ತಂಬಗಿ ನಮಗ."

"ಮಗನ ಹೊಟ್ಟ್ಯಾಗ ಅವ್ವ," ಎಂದ ನಬೀಸಾಬ್ ಮೆಲ್ಲಗೆ. "ವಿಜ್ಞಾನ ಭಾಳ ಮುಂದ ಹೋಗ್ಯಾದ."

ಮತ್ತೆ ಗದ್ದಲ ಎದ್ದಿತು. ಅವ್ವ ಯಾರ ಪಾಲಿಗೆ ಎಂದು ಒಬ್ಬ, ಬೇರೆ ಮೇಡಮ್ಮನನ್ನು ಕರೆಸೋಣ ಎಂದು ಒಬ್ಬ, ದೀಪಾವಳಿ ಕಳೆಯಲಿ, ಕೂತು ಮಾತಾಡೋಣ ಎಂದು ಇನ್ನೊಬ್ಬ. ಹಿರಿಯರಿಗೆ ಕಡೆಯ ಮಾತು ಹಿಡಿಸಿತು. ಅಲ್ಲಿಯ ತನಕ ತಂಬಿಗೆ ಇದ್ದಲ್ಲೇ ಇರಲಿ. ಇವತ್ತಿನ ಮಟ್ಟಿಗೆ ಈರಯ್ಯನವರು ತುಂಬಿಕೊಂಡು ಬರಲಿ, ಯಾರಿಗೆ ಎರೆಯಬೇಕೆಂದು ಅಷ್ಟರಲ್ಲಿ ಹೇಳುತ್ತೇವೆ.

ಈರಯ್ಯನವರಿಗೆ ಎದೆಯ ಮೇಲಿನ ಚೀಲ ಇಳಿದಂತಾಯಿತು. ಸೋತಿದ್ದರು, ಆದರೆ ತಂಬಿಗೆ ಉಳಿದಿತ್ತು. ದೀಪಾವಳಿಯ ಮಾತು ಸಂಕ್ರಾಂತಿಗೆ, ಸಂಕ್ರಾಂತಿಯದು ಯುಗಾದಿಗೆ. ಜೋಡುಗುಂಡದ ಹಿರಿಯರನ್ನು ಅವರು ಬಲ್ಲರು. ಸುಗೂರೇಶ್ವರನ ಹರಕೆಯನ್ನು ಅರ್ಧವಾದರೂ ತೀರಿಸಬೇಕು ಎಂದುಕೊಳ್ಳುತ್ತ ಗುಡ್ಡದ ಹಿಂದಿನ ಕೈಪಂಪಿಗೆ ಹೋದರು.

ಮೊದಲ ನೀರಿನ ತಂಬಿಗೆಯನ್ನು ಎರೆಯುವವನೇ ತನ್ನ ಕೈಯಾರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಅದು ಕಟ್ಟಳೆ. ಈರಯ್ಯನವರು ಸೊಂಟದ ಗಂಟಿನಿಂದ ಹುಣಸೆಹಣ್ಣು ತೆಗೆದು ಕಲ್ಲಿನ ಮೇಲೆ ಕೂತರು. ತಿಕ್ಕಿದಂತೆ ತಾಮ್ರ ಕೆಂಪಗೆ ಮಿಂಚತೊಡಗಿತು. ತಂಬಿಗೆಯ ಹೆಗಲ ಮೇಲೆ ಉಳಿಯಿಂದ ಆಳವಾಗಿ ಕೊರೆದ ಅಪ್ಪನ ಹೆಸರು ಎದ್ದು ಬಂತು: ಚನ್ನಬಸಯ್ಯ. ಅದರ ಅಡಿಯಲ್ಲಿ, ಅದಕ್ಕೆ ತಾಗಿಕೊಂಡಂತೆ, ಸಣ್ಣ ಸಣ್ಣ ಚುಕ್ಕಿಗಳ ಸಾಲು. ಹುಡುಗನಿದ್ದಾಗ, "ಇವೇನಪ್ಪಾ?" ಎಂದು ಕೇಳಿದ್ದರು. "ಕಂಚಗಾರನ ಗುರುತು," ಎಂದಿದ್ದರು ಅಪ್ಪ. ಆಮೇಲೆ ಐವತ್ತು ವರ್ಷ ಕೇಳುವ ಪ್ರಸಂಗ ಬಂದಿರಲಿಲ್ಲ.

ಸುನಂದಾ ಅವರ ಭೂತಗನ್ನಡಿ ಇನ್ನೂ ಅಂಗಿಯ ಜೇಬಿನಲ್ಲಿತ್ತು.

ಯಾಕೆ ತೆಗೆದರೋ ಅವರಿಗೇ ಗೊತ್ತಿಲ್ಲ. ಹೊಸ ವಿದ್ಯೆ ಕಲಿತ ಕೈ ಸುಮ್ಮನಿರುವುದಿಲ್ಲ. ಗಾಜಿನೊಳಗೆ ತಾಮ್ರ ಗುಡ್ಡದಷ್ಟು ದೊಡ್ಡದಾಯಿತು. ಚುಕ್ಕಿಗಳು ನೆಟ್ಟಗೆ ಬಂದು ಅಪ್ಪನ ಹೆಸರಿನ ಗೀರಿನ ಅಂಚಿಗೆ ಕತ್ತರಿಸಿದಂತೆ ನಿಂತಿದ್ದವು. ಒಂದು ಚುಕ್ಕಿಯ ಅರ್ಧ ಗೀರಿನ ಈಚೆ ಇತ್ತು, ಉಳಿದರ್ಧ ಆಚೆ. ಗೀರಿನ ಒಳಗೆ ಒಂದೂ ಚುಕ್ಕಿ ಇರಲಿಲ್ಲ. ಗೀರು ಚುಕ್ಕಿಗಳನ್ನು ಕಡಿದಿತ್ತು.

ಇಲ್ಲದ್ದನ್ನು ಕಡಿಯಲಿಕ್ಕೆ ಬರುವುದಿಲ್ಲ.

ಈರಯ್ಯನವರು ಚುಕ್ಕಿಗೆ ಚುಕ್ಕಿ ಜೋಡಿಸಿ ಓದಿದರು. ಬೀ. ರ. ಪ್ಪ.

ಬೀರಪ್ಪ ಎಂದರೆ ಬೂದೆಮ್ಮನ ಮಾವ. ಸತ್ತು ಎಷ್ಟೋ ಕಾಲವಾಯಿತು. ಹತ್ತು ವರ್ಷದವರಿದ್ದಾಗಿನ ಒಂದು ಶ್ರಾವಣ ಈರಯ್ಯನವರ ಕಣ್ಣ ಮುಂದೆ ಬಂತು. ಅಪ್ಪ ಈ ತಂಬಿಗೆ ಹಿಡಿದು ಮನೆಗೆ ಬಂದದ್ದು, ಅವ್ವ "ಯಾರದಿದು?" ಎಂದದ್ದು, ಅಪ್ಪ ಊಟಕ್ಕೆ ಬಡಿಸು ಎಂದದ್ದು. ಮುಂದಿನ ಸಂತೆಗೆ ತಂಬಿಗೆ ಅಪ್ಪನ ಜೊತೆ ಮಾನ್ವಿಗೆ ಹೋಗಿ, ಹೆಸರು ಹಾಕಿಸಿಕೊಂಡು ಬಂತು. ಮಕ್ಕಳು ಇಂಥದ್ದನ್ನು ನೋಡುತ್ತವೆ, ದೊಡ್ಡವರಾದ ಮೇಲೆ ನೋಡಿದ್ದನ್ನು ಕಂಚಗಾರನ ಗುರುತು ಎಂದುಕೊಳ್ಳುತ್ತವೆ.

ಗುಡ್ಡದ ಆಚೆಯಿಂದ ಗದ್ದಲ ಕೇಳುತ್ತಿತ್ತು. ಇಲ್ಲಿ ಯಾರೂ ಇರಲಿಲ್ಲ. ಕಾಲ ಬಳಿ ಗರಸು ಮರಳು ಬಿದ್ದಿತ್ತು. ಹುಣಸೆಹಣ್ಣಿನ ಜೊತೆ ಒಂದು ಹಿಡಿ ಮರಳು ಸೇರಿಸಿ ಜೋರಾಗಿ ತಿಕ್ಕಿದರೆ ಸವೆದ ಚುಕ್ಕಿಗಳು ಹೋಗುತ್ತವೆ, ಆಳದ ಗೀರು ಉಳಿಯುತ್ತದೆ. ಈರಯ್ಯನವರ ಕೈ ಮರಳಿಗೆ ಹೋಯಿತು. ಹಿಡಿಯಷ್ಟು ಎತ್ತಿಕೊಂಡಿತು ಕೂಡ.

ಬೆಳಗ್ಗೆ ಎರಡು ದೇವರಿಗೆ ಹರಕೆ ನೆನಪಿಸಿ ಹೊರಟ ಮನುಷ್ಯ ಅವರು. ಸತ್ಯ ಈಗ ಬಂದು ಕೈಯಲ್ಲೇ ಕೂತಿತ್ತು. ಅವರ ಕಡೆಗೆ ಮಾತ್ರ ಬಂದಿರಲಿಲ್ಲ.

ಆಮೇಲೆ ಬೆರಳು ಸಡಿಲಿಸಿದರು. ಮರಳು ಸುರಿದು ಹೋಯಿತು. ಕೈ ತೊಳೆದು, ತಂಬಿಗೆ ತೊಳೆದು, ಅಂಚಿನವರೆಗೆ ತುಂಬಿಸಿಕೊಂಡು ಹೊರಟರು.

ಗುಡ್ಡದ ಮುಂದೆ ಯಾರೂ ಅವರನ್ನು ಗಮನಿಸಲಿಲ್ಲ. ಅವ್ವನಿಗೆ ಗುಡಿ ಕಟ್ಟಿಸಿದರೆ ಬಾಗಿಲು ಯಾವ ಕಡೆ ಇರಬೇಕು ಎಂಬಲ್ಲಿಗೆ ಜಗಳ ಮುಟ್ಟಿತ್ತು. ನಬೀಸಾಬ್ ಹತ್ತಿರ ಬಂದು ಕೇಳಿದ. "ಸಾವ್ಕಾರ್ರ, ಹಿಂದಿನ ಕಲ್ಲು ಏನ್ ಮಾಡೂದ್ರಿ? ಮೇಡಮ್ಮೋರು ನೋಡಿದ್ರು. ಅಂಗಡ್ಯಾಗ ಕರಿ ಗ್ರಾನೈಟ್ ಅಂತಾರಂತ, ಅದು ಗ್ರಾನೈಟೇ ಅಲ್ಲಂತ. ಅದೂ ಕರಿಯಯ್ಯನ ಜಾತೀದ, ತಮ್ಮನ ಅಂತ."

"ಗಿರಣಿ ಮೆಟ್ಟಲಿಗೆ ಹಾಕು. ಅಕ್ಷರ ಕೆಳಗ ಮಾಡು."

ಭೂತಗನ್ನಡಿಯನ್ನು ಸುನಂದಾ ಅವರ ಕೈಗೆ ಕೊಟ್ಟರು. ಅವರು ಈರಯ್ಯನವರ ಮುಖವನ್ನು ಒಂದು ಗಳಿಗೆ ನೋಡಿದರು. ಮೊದಲು ಕಣ್ಣು, ಆಮೇಲೆ ಬಾಯಿ.

ಬೂದೆಮ್ಮ ಮತ್ತೆ ಹಳೆಯ ಜಾಗಕ್ಕೆ ಬಂದು, ಪ್ಲಾಸ್ಟಿಕ್ ಚೊಂಬಿನ ನೀರಿನಲ್ಲಿ ಅರಿಶಿನ ಕಲಸುತ್ತಿದ್ದಳು. ಈರಯ್ಯನವರು ಇಸ್ತ್ರಿ ಧೋತರದಲ್ಲೇ ಅವಳ ಎದುರು ಕುಕ್ಕರಗಾಲಲ್ಲಿ ಕೂತರು.

"ಯವ್ವಾ, ಇದು ಬೀರಪ್ಪಜ್ಜಂದಲ್ಲ?"

ಮುದುಕಿ ತಂಬಿಗೆ ನೋಡಲಿಲ್ಲ, ಅವರನ್ನು ನೋಡಿದಳು. "ನಾ ಸೊಸಿಯಾಗಿ ಬಂದ ವರ್ಷ. ನಮ್ಮ ಮಾವಗ ಜ್ವರ ಬಂದು ಮಲಗಿದ್ದ. ಈ ಸೋಮವಾರದ ಮಟ್ಟಿಗೆ ನಾ ಎರೀತೀನಿ ಅಂತ ಒಯ್ದ ನಿಮ್ಮಪ್ಪ."

"ಮತ್ತ ಕೇಳಲಿಲ್ಲೇನು?"

"ಕೇಳಿದ್ವಿ. ಬರೂ ಸೋಮವಾರ ಕೊಡ್ತೀನಿ ಅಂದ. ಸೋಮವಾರ ಬರಾಕತ್ಯಾವು, ಇನ್ನೂ ಬರಾಕತ್ಯಾವು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಐವತ್ತನಾಲ್ಕು ವರ್ಷ ಕಾದ ಸಿಟ್ಟು ತಣ್ಣಗಾಗಿ, ಸಣ್ಣ ಕಣದ ಕಲ್ಲಾಗಿ, ಈಗ ಅದರ ಮೇಲೆ ಕೂತುಕೊಳ್ಳಬಹುದಿತ್ತು. "ಅವ್ವಗೇನು? ತಾಮ್ರದ್ದೋ ಪ್ಲಾಸ್ಟಿಕ್ಕಿಂದೋ, ನೀರು ಬಿದ್ರಾತು ಆಕಿಗೆ."

ಅಪ್ಪನಿಗೆ ಕೊಟ್ಟ ಮಾತು ಈರಯ್ಯನವರಿಗೆ ನೆನಪಾಯಿತು. ಹಿಂದೆ ಕನಕರಾಯ ಬಾಗಿಲು ಪೂರ್ವಕ್ಕೇ ಇರಬೇಕು ಎಂದು ಆಣೆ ಹಾಕುತ್ತಿದ್ದ. ಮೋಡ ಇನ್ನೂ ಹಾಗೇ ನಿಂತಿತ್ತು. ಈರಯ್ಯನವರು ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಚುಕ್ಕಿಗಳಿದ್ದ ಮಗ್ಗುಲನ್ನು ಬೂದೆಮ್ಮನ ಕಡೆಗೆ ತಿರುಗಿಸಿ, ಒಂದು ಹನಿಯೂ ಚೆಲ್ಲದ ಹಾಗೆ ಅವಳ ಕೈಗೆ ಇಟ್ಟರು.